ಕಿರುಚಿತ್ರಕ್ಕೆ ಕಲಾವಿದರನ್ನು ಆರಿಸುವ ಮುನ್ನ
ಕಲಾವಿದರನ್ನು ಆರಿಸುವಾಗ ಮುಖಚಹರೆಗಿಂತ ಮೊದಲು ಮಾತಿನ ಸೊಗಡನ್ನು ಗಮನಿಸಬೇಕೆಂಬುದು ನನ್ನ ಸಲಹೆ. ಧಾರವಾಡದ ಅಜ್ಜಿಯ ಪಾತ್ರಕ್ಕೆ ಮೈಸೂರು ಕನ್ನಡವಷ್ಟೇ ಬಲ್ಲವರನ್ನು ಹಾಕಿಕೊಂಡರೆ, ಅಭಿನಯ ಎಷ್ಟೇ ಚೆನ್ನಾಗಿದ್ದರೂ ಆ ಭಾಗದ ಪ್ರೇಕ್ಷಕರಿಗೆ ಮೊದಲ ಮಾತಿನಲ್ಲೇ ನಂಬಿಕೆ ಹೋಗುತ್ತದೆ. ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತವರನ್ನೂ ಊರಿನ ಹವ್ಯಾಸಿ ನಾಟಕ ತಂಡದವರನ್ನೂ ಅವಶ್ಯ ಕರೆಯಿರಿ. ಆದರೆ ಸಭಾಂಗಣದ ಕೊನೆಯ ಸಾಲಿಗೂ ದನಿ ಮುಟ್ಟಿಸಿ ರೂಢಿಯಾದವರಿಗೆ ಕ್ಯಾಮೆರಾದೆದುರು ದನಿ, ಹಾವಭಾವ ತಗ್ಗಿಸಲು ಅಭ್ಯಾಸ ಬೇಕಾಗುವುದರಿಂದ, ಆಯ್ಕೆಯ ದಿನವೇ ಮೊಬೈಲಿನಲ್ಲಿ ಕ್ಲೋಸಪ್ ಚಿತ್ರೀಕರಿಸಿ ಅವರಿಗೇ ತೋರಿಸಿ. ಸಂಭಾವನೆ ಕೊಡಲಾಗದಿದ್ದರೂ ಊಟ ಮತ್ತು ಪ್ರಯಾಣದ ಖರ್ಚು ನಿಮ್ಮ ಹೊಣೆಯೇ. ಕಲಾವಿದರಂತೆಯೇ ಜಾಗವನ್ನೂ ಮೊದಲೇ ಪರೀಕ್ಷಿಸಬೇಕು. ಚಿತ್ರೀಕರಣ ನಡೆಯಲಿರುವ ಮನೆಗೆ, ದೃಶ್ಯ ತೆಗೆಯಲಿರುವ ಹೊತ್ತಿನಲ್ಲೇ, ಮುಂಚಿತವಾಗಿ ಒಮ್ಮೆ ಹೋಗಿ ಕಣ್ಣು ಮುಚ್ಚಿ ಕುಳಿತುಕೊಳ್ಳಿ: ಧ್ವನಿಮುದ್ರಣಕ್ಕೆ ಅಡ್ಡಿಯಾಗುವ ಫ್ರಿಜ್ಜಿನ ಗುಂಯ್‌ಗುಡುವಿಕೆಯೂ ಪಕ್ಕದ ಶಾಲೆಯ ಗಂಟೆಯೂ ಆಗಲೇ ಕಿವಿಗೆ ಬೀಳುತ್ತವೆ.