ಉತ್ತರ ಸಲ್ಲಿಸಿದ ಮೇಲೂ ಓಡುತ್ತಿದ್ದ ಟೈಮರ್ ನಿಲ್ಲಿಸಿದ್ದು ಹೀಗೆ

ಬಾಗಲಕೋಟೆಯ ನವನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬಳಸುವ ಅಭ್ಯಾಸ ಪರೀಕ್ಷೆಯ ಪುಟವೊಂದನ್ನು ಈಗ ನಾನು ನೋಡಿಕೊಳ್ಳುತ್ತೇನೆ. 60 ನಿಮಿಷದ ಟೈಮರ್. ಬೇಗ ಮುಗಿಸಿದವರು ‘ಸಲ್ಲಿಸು’ ಒತ್ತಿದರೂ ಸೆಕೆಂಡು ಇಳಿಯುತ್ತಲೇ ಇರುತ್ತಿತ್ತು. ಸೊನ್ನೆ ಮುಟ್ಟಿದಾಗ ಅದೇ ಉತ್ತರಪತ್ರಿಕೆ ಮತ್ತೊಮ್ಮೆ ಸಲ್ಲಿಕೆಯಾಗುತ್ತಿತ್ತು. ವರ್ಷಗಟ್ಟಲೆ ಓದಿದವರ ಅಂಕ ಹೀಗೆ ಏರುಪೇರಾಗಬಾರದು.

ವೆಬ್ ಪುಟಗಳ ಕೋಡ್ ಭಾಷೆಯಾದ ಜಾವಾಸ್ಕ್ರಿಪ್ಟಿನ ಸೆಟ್‌ಇಂಟರ್ವಲ್ ಟೈಮರ್ ಶುರು ಮಾಡಿ ಒಂದು ಸಂಖ್ಯೆ ಹಿಂದಿರುಗಿಸುತ್ತದೆ. ಅದು ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದಂತೆ. ಅದೇ ಸಂಖ್ಯೆಯನ್ನು ಕ್ಲಿಯರ್‌ಇಂಟರ್ವಲ್‌ಗೆ ಕೊಟ್ಟರೆ ಟೈಮರ್ ನಿಲ್ಲುತ್ತದೆ. ಹಳೆಯ ಕೋಡಿನಲ್ಲಿ ಆ ಸಂಖ್ಯೆ ಇಡುವ ವೇರಿಯೇಬಲ್ (ಮೌಲ್ಯ ಇಡುವ ಹೆಸರು) ಎಲ್ಲ ಫಂಕ್ಷನ್ನುಗಳ, ಅಂದರೆ ಒಂದೊಂದು ಕೆಲಸ ಮಾಡುವ ಕೋಡ್ ತುಣುಕುಗಳ, ಹೊರಗಿತ್ತು, ಸರಿ. ಆದರೆ ಶುರು ಮಾಡುವ ಫಂಕ್ಷನ್ನಿನ ಒಳಗೆ ಅದೇ ಹೆಸರಿಗೆ ಮತ್ತೆ ‘ಲೆಟ್’ ಹಾಕಿದ್ದರು, ಅಂದರೆ ಅದೇ ಹೆಸರಿನ ಹೊಸ ವೇರಿಯೇಬಲ್ ಮಾಡಿದ್ದರು. ಸಂಖ್ಯೆ ಒಳಗಿನದರಲ್ಲಿ ಉಳಿಯಿತು, ಸಲ್ಲಿಸುವ ಫಂಕ್ಷನ್ನಿಗೆ ಸಿಕ್ಕಿದ್ದು ಹೊರಗಿನ ಖಾಲಿಯದು. ಖಾಲಿ ಕೊಟ್ಟರೆ ಕ್ಲಿಯರ್‌ಇಂಟರ್ವಲ್ ಯಾವ ದೋಷವನ್ನೂ ತೋರಿಸದೆ ಸುಮ್ಮನಿರುತ್ತದೆ. ಹುಡುಕಲು ಹೊತ್ತು ಹಿಡಿದದ್ದು ಅದಕ್ಕೇ. ಬ್ರೌಸರಿನ ಸಂದೇಶ ತೋರಿಸುವ ಕಿಟಕಿಯಾದ ಕನ್ಸೋಲ್‌ನಲ್ಲಿ ಆ ವೇರಿಯೇಬಲ್ ಮುದ್ರಿಸಿದಾಗಲೇ ಗೊತ್ತಾಯಿತು.

ಒಳಗಿನ ‘ಲೆಟ್’ ತೆಗೆದೆ. ಸಲ್ಲಿಸುವ ಫಂಕ್ಷನ್ನಿನ ಮೊದಲ ಸಾಲೇ ಕ್ಲಿಯರ್‌ಇಂಟರ್ವಲ್ ಆಯಿತು. ಹೊಸ ಟೈಮರ್ ಶುರುವಾಗುವ ಮುಂಚೆಯೂ ಅದನ್ನೇ ಕರೆಯುತ್ತೇನೆ, ಇಲ್ಲದಿದ್ದರೆ ‘ಪ್ರಾರಂಭಿಸು’ ಎರಡು ಸಲ ಒತ್ತಿದವರಿಗೆ ಎರಡು ಟೈಮರ್ ಓಡಿ ಸಮಯ ದುಪ್ಪಟ್ಟು ವೇಗದಲ್ಲಿ ಕರಗುತ್ತಿತ್ತು.

ಇನ್ನೊಂದು ವಿಷಯ. ಬೇರೆ ಟ್ಯಾಬಿಗೆ ಹೋದರೆ ಬ್ರೌಸರ್ ಹಿಂದಿನ ಟ್ಯಾಬಿನ ಟೈಮರನ್ನು ನಿಧಾನಗೊಳಿಸಬಹುದು. ಹಾಗಾಗಿ ಒಂದೊಂದೇ ಸೆಕೆಂಡು ಕಳೆಯುವುದನ್ನು ಬಿಟ್ಟು, ಮುಗಿಯುವ ವೇಳೆಯನ್ನು ಮೊದಲೇ ಇಟ್ಟುಕೊಂಡು ಈಗಿನ ವೇಳೆ ಕೊಡುವ ಡೇಟ್.ನೌ ಜೊತೆಗಿನ ವ್ಯತ್ಯಾಸ ತೋರಿಸುತ್ತಿದ್ದೇನೆ. ಎರಡನೇ ಸಲ್ಲಿಕೆ ಬಂದರೆ ಸರ್ವರ್ ಕೂಡ ಈಗ ಒಪ್ಪುವುದಿಲ್ಲ.