ಥಾಯ್ಲೆಂಡಿನಲ್ಲಿ ಇದ್ದುಕೊಂಡೇ ಪ್ರವಾಸಿ ವೀಸಾದಿಂದ ನಿವೃತ್ತಿ ವೀಸಾಕ್ಕೆ: ದಿನಗಳ ಲೆಕ್ಕ ತಪ್ಪದಿರಲಿ

ಥಾಯ್ಲೆಂಡಿಗೆ ಪ್ರವಾಸಿಯಾಗಿ ಬಂದವರು ಅಲ್ಲೇ ನೆಲೆಸಬೇಕೆಂದರೆ ವೀಸಾಕ್ಕಾಗಿ ತಾಯ್ನಾಡಿಗೆ ಮರಳಬೇಕಾಗಿಲ್ಲ. ಅರ್ಜಿ ಹಾಕುವ ದಿನಕ್ಕೆ 50 ವರ್ಷ ತುಂಬಿದ್ದು, ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇದ್ದರೆ ದೇಶದೊಳಗೇ ವೀಸಾ ಬದಲಾಯಿಸಿಕೊಳ್ಳಬಹುದು. ಅರ್ಜಿ ತುಂಬುವುದು ಕಷ್ಟವಲ್ಲ. ಸೋಲುವವರು ಸೋಲುವುದು ದಿನಗಳ ಲೆಕ್ಕದಲ್ಲಿ. ಖಾತೆ ತೆರೆಯುವುದು, ಹಣ ತರಿಸುವುದು, ವೀಸಾ ಬದಲಿಸುವುದು, ಆಮೇಲೆ ಒಂದು ವರ್ಷದ ವಿಸ್ತರಣೆ: ಈ ನಾಲ್ಕೂ ಇದೇ ಕ್ರಮದಲ್ಲಿ, ಪಾಸ್‌ಪೋರ್ಟಿನ ಮುದ್ರೆಯ ಗಡುವಿನೊಳಗೆ ಮುಗಿಯಬೇಕು.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಎಲ್ಲರೂ "ನಿವೃತ್ತಿ ವೀಸಾ" ಎನ್ನುವುದು ವಾಸ್ತವದಲ್ಲಿ ಎರಡು ಹಂತ. ಮೊದಲನೆಯದು 90 ದಿನಗಳ ನಾನ್‌-ಇಮಿಗ್ರಂಟ್ ಒ ವೀಸಾ. ಎರಡನೆಯದು ಆ ವೀಸಾದ ಮೇಲೆ ಸಿಗುವ ಒಂದು ವರ್ಷದ ವಾಸ್ತವ್ಯ ವಿಸ್ತರಣೆ. ಪ್ರತಿವರ್ಷ ನವೀಕರಿಸುವುದು ಇದನ್ನೇ. ಒ-ಎ ಎಂಬುದು ಬೇರೆ ವೀಸಾ. ಅದನ್ನು ತಾಯ್ನಾಡಿನ ಅಥವಾ ಕಾಯಂ ವಾಸದ ದೇಶದ ಥಾಯ್ ರಾಯಭಾರ ಕಚೇರಿಯ ಮೂಲಕವೇ ಪಡೆಯಬೇಕು, ಅದಕ್ಕೆ ಪೊಲೀಸ್ ಪ್ರಮಾಣಪತ್ರ ಬೇಕು, ನಿಗದಿತ ಮೊತ್ತದ ಆರೋಗ್ಯ ವಿಮೆಯೂ ಬೇಕು. ಒ-ಎಕ್ಸ್ ಎಂಬ ಹತ್ತು ವರ್ಷದ ವೀಸಾ ಕೆಲವೇ ದೇಶಗಳವರಿಗಿದೆ, ಭಾರತ ಆ ಪಟ್ಟಿಯಲ್ಲಿಲ್ಲ. ಇಲ್ಲಿ ಹೇಳುತ್ತಿರುವ ಒ ದಾರಿಗೆ ವಿಮೆಯ ಕಡ್ಡಾಯವಿಲ್ಲ. ಹಾಗೆಂದು ಆ ವಯಸ್ಸಿನಲ್ಲಿ ವಿಮೆಯಿಲ್ಲದೆ ಪರದೇಶದಲ್ಲಿ ಬದುಕುವುದು ಜಾಣತನವಲ್ಲ. ಖಾಸಗಿ ಆಸ್ಪತ್ರೆಯ ಒಂದೇ ಬಿಲ್ಲು ವೀಸಾಕ್ಕೆಂದು ಇಟ್ಟ ಹಣವನ್ನೆಲ್ಲ ನುಂಗಬಹುದು.

ಮುದ್ರೆಯಿಂದ ಹಿಂದಕ್ಕೆ ಎಣಿಸಿ

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಬಿದ್ದ ಮುದ್ರೆಯಲ್ಲಿ "ಇಲ್ಲಿಯವರೆಗೆ ಇರಬಹುದು" ಎಂಬ ದಿನಾಂಕ ಇರುತ್ತದೆ. ವೀಸಾ ಬದಲಾವಣೆಗೆ ಅರ್ಜಿ ಕೊಡುವ ದಿನ ಆ ಗಡುವಿಗೆ ಕನಿಷ್ಠ 15 ದಿನ ಉಳಿದಿರಬೇಕು. ಕೆಲವು ಕಚೇರಿಗಳು 21 ದಿನ ಕೇಳುತ್ತವೆ, ಆದ್ದರಿಂದ 25 ದಿನ ಉಳಿಸಿಕೊಂಡು ಹೋಗುವುದು ಕ್ಷೇಮ. ಒಂದು ದಾಖಲೆ ಕಡಿಮೆಯಾಗಿ ವಾಪಸ್ ಕಳಿಸಿದರೂ ಮತ್ತೆ ಬರಲು ಆಗ ಸಮಯವಿರುತ್ತದೆ.

60 ದಿನಗಳ ಪ್ರವಾಸಿ ವೀಸಾದಲ್ಲಿ ಬಂದಿದ್ದರೆ, ಖಾತೆ ತೆರೆದು ಹಣ ತರಿಸಲು ಮೊದಲ 35 ದಿನ ನಿಮ್ಮದು. ಅಷ್ಟರಲ್ಲಿ ಆಗುವುದಿಲ್ಲ ಎನ್ನಿಸಿದರೆ ಟಿಎಂ 7 ಅರ್ಜಿ (ಟಿಎಂ ಎಂಬುದು ಥಾಯ್ ಇಮಿಗ್ರೇಷನ್ ನಮೂನೆಗಳ ಗುರುತು) ಮತ್ತು 1,900 ಬಾತ್ ಶುಲ್ಕ ಕೊಟ್ಟು ಪ್ರವಾಸಿ ವಾಸ್ತವ್ಯವನ್ನೇ ಮೊದಲು 30 ದಿನ ಹೆಚ್ಚಿಸಿಕೊಳ್ಳಿ. ಈ 1,900 ಬಾತ್ ದಂಡವೆಂದು ಕೊರಗಬೇಡಿ. ಗಡುವಿನ ಕೊನೆಯ ವಾರದಲ್ಲಿ ಬ್ಯಾಂಕಿಗೂ ಇಮಿಗ್ರೇಷನ್ ಕಚೇರಿಗೂ ಓಡುವುದಕ್ಕಿಂತ ಅದು ಬಹಳ ಅಗ್ಗ. ಏಪ್ರಿಲ್ 13ರಿಂದ 15ರವರೆಗಿನ ಸೊಂಕ್ರಾನ್ ರಜೆ ನಡುವೆ ಬರುವುದಾದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ.

ವಿಳಾಸದ ದಾಖಲೆ ಮೊದಲೇ ಸರಿಯಿರಬೇಕು. ವಿದೇಶಿಯರಿಗೆ ಮನೆ ಕೊಟ್ಟವರು 24 ಗಂಟೆಯೊಳಗೆ ಟಿಎಂ 30 ಮೂಲಕ ಇಮಿಗ್ರೇಷನ್‌ಗೆ ತಿಳಿಸಬೇಕೆಂಬುದು ನಿಯಮ. ಹೋಟೆಲಿನವರು ತಾವಾಗಿಯೇ ಮಾಡುತ್ತಾರೆ, ಖಾಸಗಿ ಮನೆಯವರು ಎಷ್ಟೋ ಸಲ ಮರೆಯುತ್ತಾರೆ. ಅದರ ರಸೀದಿ ಇಲ್ಲದಿದ್ದರೆ ಮುಂದಿನ ಯಾವ ಅರ್ಜಿಯೂ ಅಲುಗಾಡುವುದಿಲ್ಲ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನವೇ "ಟಿಎಂ 30 ಮಾಡಿಸಿಕೊಡುತ್ತೀರಾ, ಮನೆ ನೋಂದಣಿ ಪುಸ್ತಕದ ಪ್ರತಿ ಮತ್ತು ನಿಮ್ಮ ಗುರುತಿನ ಚೀಟಿಯ ಪ್ರತಿ ಕೊಡುತ್ತೀರಾ" ಎಂದು ಕೇಳಿ. ಹಿಂದೇಟು ಹಾಕಿದರೆ ಬೇರೆ ಮನೆ ನೋಡಿ.

ಖಾತೆ ಮತ್ತು ಹಣ

ಇಡೀ ಕೆಲಸದ ಗಂಟು ಇರುವುದು ಇಲ್ಲಿ. ಪ್ರವಾಸಿ ಮುದ್ರೆ ಇರುವವರಿಗೆ ಖಾತೆ ತೆರೆಯಲು ಥಾಯ್ ಬ್ಯಾಂಕುಗಳು ಈಗ ಸುಲಭವಾಗಿ ಒಪ್ಪುವುದಿಲ್ಲ. ಬಾಡಿಗೆ ಖಾತೆಗಳ (ವಂಚಕರು ಬಳಸಲು ಇತರರು ಕೊಟ್ಟ ಖಾತೆಗಳ) ಮೂಲಕ ನಡೆಯುವ ವಂಚನೆ ಹೆಚ್ಚಿದ ಮೇಲೆ ಬಿಗಿ ಮಾಡಿವೆ. ಒಂದೇ ಬ್ಯಾಂಕಿನ ಒಂದು ಶಾಖೆ ಇಲ್ಲ ಎಂದರೆ ಇನ್ನೊಂದು ಶಾಖೆ ಒಪ್ಪುವುದುಂಟು. ವಿದೇಶಿಯರು ಹೆಚ್ಚು ವಾಸಿಸುವ ಬಡಾವಣೆಯ ಶಾಖೆಗೆ ಹೋಗಿ, ಪಾಸ್‌ಪೋರ್ಟು, ಬಾಡಿಗೆ ಕರಾರು, ಟಿಎಂ 30 ರಸೀದಿ, ಥಾಯ್ ಮೊಬೈಲ್ ಸಂಖ್ಯೆ ಇಟ್ಟುಕೊಂಡು, ನಿವೃತ್ತಿ ವೀಸಾಕ್ಕಾಗಿ 8 ಲಕ್ಷ ಬಾತ್ ಇಡಲು ಬಂದಿದ್ದೇನೆ ಎಂದು ಸ್ಪಷ್ಟವಾಗಿ ಹೇಳಿ. ಕೆಲವು ಶಾಖೆಗಳು ಇಮಿಗ್ರೇಷನ್ ಕೊಡುವ ವಾಸಸ್ಥಳ ಪ್ರಮಾಣಪತ್ರವನ್ನೂ ಕೇಳುತ್ತವೆ.

ಖಾತೆ ನಿಮ್ಮೊಬ್ಬರ ಹೆಸರಿನಲ್ಲೇ ಇರಲಿ. ಗಂಡ ಹೆಂಡತಿಯ ಜಂಟಿ ಖಾತೆಯನ್ನು ಅನೇಕ ಅಧಿಕಾರಿಗಳು ಒಪ್ಪುವುದಿಲ್ಲ. ಷೇರು, ಮ್ಯೂಚುವಲ್ ಫಂಡ್ ಲೆಕ್ಕಕ್ಕೆ ಬರುವುದಿಲ್ಲ.

ಹಣ ವಿದೇಶದಿಂದ ಬಂದದ್ದು ಎಂಬುದಕ್ಕೆ ಪುರಾವೆ ಬೇಕು. ಕೈಯಲ್ಲಿ ತಂದ ನೋಟುಗಳನ್ನು ಬದಲಿಸಿ ಕಟ್ಟಿದರೆ ಆ ಪುರಾವೆ ಸಿಗುವುದಿಲ್ಲ. ಕೆಲವು ಆ್ಯಪ್‌ಗಳ ಮೂಲಕ ಕಳಿಸಿದ ಹಣ ಥಾಯ್ಲೆಂಡಿನ ಒಳಗಿನ ಖಾತೆಯಿಂದಲೇ ಪಾವತಿಯಾಗಿ, ಪಾಸ್‌ಬುಕ್ಕಿನಲ್ಲಿ ದೇಶೀಯ ವರ್ಗಾವಣೆ ಎಂದು ಬೀಳುತ್ತದೆ. ಅದೂ ತೊಂದರೆಯೇ. ಬ್ಯಾಂಕಿನಿಂದ ಬ್ಯಾಂಕಿಗೆ ಅಂತರರಾಷ್ಟ್ರೀಯವಾಗಿ ಹಣ ಕಳಿಸುವ ಸ್ವಿಫ್ಟ್ ಮೂಲಕ ಡಾಲರಿನಲ್ಲಿ ಕಳಿಸಿ, ಬಾತ್‌ಗೆ ಪರಿವರ್ತನೆ ಥಾಯ್ ಬ್ಯಾಂಕಿನಲ್ಲೇ ಆಗಲಿ. ಹಣ ಬಂದ ಮೇಲೆ ಅದು ವಿದೇಶದಿಂದ ಬಂತೆಂದು ತೋರಿಸುವ ಕ್ರೆಡಿಟ್ ಅಡ್ವೈಸ್ ಎಂಬ ಪತ್ರವನ್ನು ಕೇಳಿ ಪಡೆಯಿರಿ. ಸರಿಯಾಗಿ 8 ಲಕ್ಷ ಬರುವಂತೆ ಕಳಿಸಬೇಡಿ: ಮಧ್ಯದ ಬ್ಯಾಂಕುಗಳ ಶುಲ್ಕ ಕಳೆದು 7,99,000 ಆಗಿ ಉಳಿದರೆ ಅರ್ಜಿ ಬಿದ್ದುಹೋಗುತ್ತದೆ. 8,20,000 ಆದರೂ ತಲುಪಲಿ.

ಭಾರತದಿಂದ ಕಳಿಸುವವರು ಇನ್ನೊಂದು ಲೆಕ್ಕ ಹಾಕಬೇಕು. ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಒಬ್ಬರಿಗೆ ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ ಇದೆ, ಅದು ಸಾಕಷ್ಟಾಯಿತು. ಆದರೆ 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಮಿತಿಯಂತೆ, ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗದ ಮೇಲೆ ಶೇ 20ರಷ್ಟು ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ವಸೂಲು ಮಾಡುವ ಮುಂಗಡ ತೆರಿಗೆ) ಮುರಿದುಕೊಳ್ಳುತ್ತಾರೆ. 8 ಲಕ್ಷ ಬಾತ್ ಎಂದರೆ 20 ಲಕ್ಷ ರೂಪಾಯಿಗೂ ಹೆಚ್ಚು. ಹೀಗಾಗಿ 2 ಲಕ್ಷಕ್ಕೂ ಹೆಚ್ಚು ರೂಪಾಯಿ ಹೆಚ್ಚುವರಿಯಾಗಿ ಕೈಯಲ್ಲಿರಬೇಕು. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದಾಗ ಅದು ಹೊಂದಿಕೆಯಾಗುತ್ತದೆ, ಇಲ್ಲವೇ ವಾಪಸ್ ಬರುತ್ತದೆ. ನಿಮ್ಮ ಪ್ರಯಾಣ ಮಾರ್ಚ್–ಏಪ್ರಿಲ್ ಸುಮಾರಿಗೆ ಇದ್ದರೆ ಅರ್ಧ ಹಣ ಮಾರ್ಚ್ 31ರೊಳಗೆ, ಉಳಿದರ್ಧ ಏಪ್ರಿಲ್ 1ರ ನಂತರ ಕಳಿಸಿ. ಈ ಹೊರೆ ಬಹುಪಾಲು ಇಳಿಯುತ್ತದೆ.

ತಿಂಗಳಿಗೆ 65,000 ಬಾತ್ ಆದಾಯ ತೋರಿಸುವ ದಾರಿಯೂ ನಿಯಮದಲ್ಲಿದೆ. ಆದಾಯ ಮತ್ತು ಠೇವಣಿ ಸೇರಿಸಿ ವರ್ಷಕ್ಕೆ 8 ಲಕ್ಷ ತೋರಿಸುವುದಕ್ಕೂ ಅವಕಾಶವಿದೆ. ಆದರೆ ತಿಂಗಳು ತಿಂಗಳೂ ವಿದೇಶದಿಂದ ಹಣ ಬಂದ ದಾಖಲೆ ಹೊಸಬರ ಬಳಿ ಇರುವುದಿಲ್ಲ. ಮೊದಲ ವರ್ಷ ಠೇವಣಿಯ ದಾರಿಯೇ ಸರಿ.

ವೀಸಾ ಬದಲಾವಣೆ

ಅರ್ಜಿ ನಮೂನೆ ಎರಡು ಬಗೆ. ರಾಯಭಾರ ಕಚೇರಿ ಕೊಟ್ಟ ಪ್ರವಾಸಿ ವೀಸಾದಲ್ಲಿ ಬಂದವರಿಗೆ ಟಿಎಂ 86, ವೀಸಾ ವಿನಾಯಿತಿಯಲ್ಲಿ, ಅಂದರೆ ವೀಸಾ ಪಡೆಯದೆಯೇ ಬಂದವರಿಗೆ ಟಿಎಂ 87. ಶುಲ್ಕ ಎರಡಕ್ಕೂ 2,000 ಬಾತ್. ನಿಮ್ಮ ವಿಳಾಸ ಯಾವ ಪ್ರಾಂತ್ಯದಲ್ಲಿದೆಯೋ ಅಲ್ಲಿನ ಕಚೇರಿಗೇ ಹೋಗಬೇಕು: ಬ್ಯಾಂಕಾಕಿನವರಿಗೆ ಚೇಂಗ್ ವತ್ತಾನದ ಸರಕಾರಿ ಸಂಕೀರ್ಣ, ಪಟ್ಟಾಯದವರಿಗೆ ಜೋಮ್ಟಿಯನ್.

ಒಯ್ಯಬೇಕಾದದ್ದು: 4×6 ಸೆಂಟಿಮೀಟರ್ ಭಾವಚಿತ್ರ, ಪಾಸ್‌ಪೋರ್ಟಿನ ಮಾಹಿತಿ ಪುಟ, ವೀಸಾ ಪುಟ, ಪ್ರವೇಶ ಮುದ್ರೆಯ ಪುಟಗಳ ಪ್ರತಿ, ಟಿಎಂ 30 ರಸೀದಿ, ಬಾಡಿಗೆ ಕರಾರು ಮತ್ತು ಮಾಲೀಕರ ದಾಖಲೆಗಳು, ಮನೆಗೆ ಬರುವ ದಾರಿಯ ನಕ್ಷೆ, ಪಾಸ್‌ಬುಕ್ಕಿನ ಎಲ್ಲ ಪುಟಗಳ ಪ್ರತಿ, ವಿದೇಶಿ ವರ್ಗಾವಣೆಯ ಪತ್ರ, ಠೇವಣಿ ನಿಮ್ಮದೇ ಎಂದು ದೃಢೀಕರಿಸುವ ಬ್ಯಾಂಕ್ ಪತ್ರ. ಪ್ರತಿ ಪ್ರತಿಗೂ ನೀಲಿ ಶಾಯಿಯಲ್ಲಿ ಸಹಿ. ಬ್ಯಾಂಕ್ ಪತ್ರ ಅದೇ ದಿನದ್ದಾಗಿದ್ದರೆ ಪ್ರಶ್ನೆ ಏಳುವುದಿಲ್ಲ. ಬೆಳಿಗ್ಗೆ ಬ್ಯಾಂಕಿಗೆ ಹೋಗಿ 100 ಬಾತ್ ಕಟ್ಟಿ, ಪಾಸ್‌ಬುಕ್ ಮುದ್ರಿಸಿಕೊಂಡು, ಪತ್ರ ಪಡೆದು, ಅಲ್ಲಿಂದ ನೇರ ಕಚೇರಿಗೆ ಹೋಗಿ. ಮಧ್ಯಾಹ್ನ 12ರಿಂದ 1ರವರೆಗೆ ಊಟದ ಬಿಡುವು.

ಅರ್ಜಿ ಸ್ವೀಕರಿಸಿದರೆ ಸುಮಾರು 15 ದಿನಗಳ ನಂತರದ ಒಂದು ತಾರೀಖು ಕೊಡುತ್ತಾರೆ. ಆ ಅವಧಿಯಲ್ಲಿ ದೇಶ ಬಿಡಬೇಡಿ, ಹಣ ಮುಟ್ಟಬೇಡಿ. ತಾರೀಖಿನಂದು ಹೋದರೆ 90 ದಿನಗಳ ಒ ವೀಸಾ ಮುದ್ರೆ ಬೀಳುತ್ತದೆ. ಕೌಂಟರಿನ ಮುಂದೆಯೇ ನಿಂತು ದಿನಾಂಕ ಓದಿಕೊಳ್ಳಿ, ತಪ್ಪಿದ್ದರೆ ಅಲ್ಲೇ ತಿದ್ದಿಸಬಹುದು. ಥಾಯ್ ಕಾಗದಗಳಲ್ಲಿ ಬೌದ್ಧ ಶಕೆ ಬಳಸಿದ್ದರೆ 543 ಕಳೆಯಿರಿ: 2568 ಎಂದರೆ 2025.

ಒಂದು ವರ್ಷದ ವಿಸ್ತರಣೆ

90 ದಿನಗಳ ಕೊನೆಯ 30 ದಿನದಲ್ಲಿ ಟಿಎಂ 7, 1,900 ಬಾತ್, ಮತ್ತೆ ಅದೇ ಕಾಗದಗಳ ಹೊಸ ಪ್ರತಿಗಳು. ಬೇಗ ಹೋದರೆ ನಷ್ಟವಿಲ್ಲ, ಹೊಸ ವರ್ಷ ಎಣಿಕೆಯಾಗುವುದು 90 ದಿನ ಮುಗಿದ ಮೇಲೆಯೇ.

ಇಲ್ಲಿ ಹಣಕ್ಕೆ ವಯಸ್ಸೂ ಬೇಕು. 2019ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ಅರ್ಜಿಗೆ ಮುಂಚೆ ಎರಡು ತಿಂಗಳು 8 ಲಕ್ಷ ಖಾತೆಯಲ್ಲೇ ಇದ್ದಿರಬೇಕು. ಮಂಜೂರಾದ ಮೇಲೆ ಇನ್ನೂ ಮೂರು ತಿಂಗಳು ಹಾಗೆಯೇ ಇರಬೇಕು. ಆನಂತರ 4 ಲಕ್ಷದವರೆಗೆ ಇಳಿಸಬಹುದು, ಅದಕ್ಕಿಂತ ಕೆಳಗೆ ಒಂದು ದಿನವೂ ಹೋಗಬಾರದು. ಮುಂದಿನ ನವೀಕರಣಕ್ಕೆ ಎರಡು ತಿಂಗಳು ಮೊದಲೇ ಮತ್ತೆ 8 ಲಕ್ಷ. ಎಟಿಎಂನಲ್ಲಿ ತೆಗೆದ ಐದು ಸಾವಿರದಿಂದಲೂ ಎರಡನೇ ವರ್ಷದ ಅರ್ಜಿ ಬೀಳಬಹುದು. ವೀಸಾ ಹಣಕ್ಕೆ ಒಂದು ಖಾತೆ, ದಿನದ ಖರ್ಚಿಗೆ ಇನ್ನೊಂದು. ಮೊದಲನೆಯದಕ್ಕೆ ಎಟಿಎಂ ಕಾರ್ಡೇ ಬೇಡ.

"ಹಣ ನಾವೇ ತೋರಿಸುತ್ತೇವೆ, ನೀವು ಪಾಸ್‌ಪೋರ್ಟ್ ಕೊಡಿ ಸಾಕು" ಎನ್ನುವ ಏಜೆಂಟರು ಸಿಗುತ್ತಾರೆ. ಅವರನ್ನು ಹತ್ತಿರ ಸೇರಿಸಬೇಡಿ. ಸುಳ್ಳು ದಾಖಲೆಯ ಹೊಣೆ ಅರ್ಜಿದಾರರದ್ದು. ಸಿಕ್ಕಿಬಿದ್ದರೆ ವಾಸ್ತವ್ಯ ರದ್ದಾಗುವುದು ನಿಮ್ಮದು, ಏಜೆಂಟರದ್ದಲ್ಲ. ಕಾಗದ ಜೋಡಿಸಲು, ಭಾಷೆಗೆ ನೆರವಾಗಲು ಯಾರನ್ನಾದರೂ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ.

ವೀಸಾ ಸಿಕ್ಕ ಮೇಲೆ

ದೇಶದ ಹೊರಗೆ ಹೋಗುವ ಮುನ್ನ ಟಿಎಂ 8 ಕೊಟ್ಟು ಮರುಪ್ರವೇಶ ಪರವಾನಗಿ ಪಡೆಯಲೇಬೇಕು. ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800. ಇದಿಲ್ಲದೆ ಗಡಿ ದಾಟಿದರೆ ಇಷ್ಟೆಲ್ಲ ಕಷ್ಟಪಟ್ಟು ಪಡೆದ ವಿಸ್ತರಣೆ ಅಲ್ಲಿಗೇ ಸತ್ತಂತೆ, ಮೊದಲಿನಿಂದ ಶುರು. ಊರಿನಿಂದ ಕೆಟ್ಟ ಸುದ್ದಿ ಬಂದು ರಾತ್ರೋರಾತ್ರಿ ಹೊರಡುವಾಗಲೇ ಇದು ಮರೆತುಹೋಗುವುದು. ಹಾಗಾಗಿ ವಿಸ್ತರಣೆ ಸಿಕ್ಕ ದಿನವೇ ಹಲವು ಪ್ರವೇಶದ ಪರವಾನಗಿಯನ್ನೂ ಮಾಡಿಸಿಟ್ಟುಬಿಡಿ.

ಸತತ 90 ದಿನ ದೇಶದಲ್ಲಿದ್ದರೆ ಟಿಎಂ 47ರಲ್ಲಿ ವಿಳಾಸ ವರದಿ ಕೊಡಬೇಕು. ಗಡುವಿಗೆ 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ಅವಕಾಶ. ಮೊದಲ ಸಲ ಖುದ್ದಾಗಿ ಹೋಗಿ, ಮುಂದೆ ಆನ್‌ಲೈನ್‌ನಲ್ಲೂ ಕೊಡಬಹುದು.  ವಾಸ್ತವ್ಯದ ಗಡುವು ಮೀರಿ ದೇಶದಲ್ಲಿ ಉಳಿದರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000. ಹೀಗೆ ಉಳಿದದ್ದು 90 ದಿನ ಮೀರಿದರೆ ಮರುಪ್ರವೇಶಕ್ಕೆ ನಿಷೇಧವೂ ಇದೆ. ಈ ವೀಸಾದಲ್ಲಿ ದುಡಿಯುವಂತಿಲ್ಲ.

ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಅಲ್ಲಿದ್ದರೆ ತೆರಿಗೆ ನಿವಾಸಿಯಾಗುತ್ತೀರಿ. 2024ರ ಜನವರಿ 1ರ ನಂತರ ಗಳಿಸಿದ ವಿದೇಶಿ ಆದಾಯವನ್ನು ಒಳಗೆ ತಂದರೆ ತೆರಿಗೆಯ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಮೊದಲಿನ ಉಳಿತಾಯಕ್ಕೆ ಇಲ್ಲ. 2023ರ ಡಿಸೆಂಬರ್ 31ರ ಬ್ಯಾಂಕ್ ಲೆಕ್ಕಪಟ್ಟಿಯನ್ನು ಮುದ್ರಿಸಿ ಜೋಪಾನ ಮಾಡಿ.

ಜೊತೆಗಿರುವ ಪತಿ ಅಥವಾ ಪತ್ನಿಗೆ 50 ತುಂಬದಿದ್ದರೂ, ನಿಮಗೆ ವರ್ಷದ ವಿಸ್ತರಣೆ ಸಿಕ್ಕ ಮೇಲೆ ಅವಲಂಬಿತರಾಗಿ ಅರ್ಜಿ ಹಾಕಬಹುದು, ಪ್ರತ್ಯೇಕ 8 ಲಕ್ಷ ಬೇಡ. ವಿವಾಹ ಪ್ರಮಾಣಪತ್ರವನ್ನು ಬ್ಯಾಂಕಾಕಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ, ಥಾಯ್‌ಗೆ ಅನುವಾದಿಸಿ, ಥಾಯ್ ವಿದೇಶಾಂಗ ಸಚಿವಾಲಯದ ಮುದ್ರೆ ಹಾಕಿಸಬೇಕು. ಮೂಲ ಪ್ರಮಾಣಪತ್ರವನ್ನು ಬರುವಾಗಲೇ ಸಾಮಾನಿನಲ್ಲಿ ತನ್ನಿ. ನಿಮ್ಮ ಅರ್ಜಿಗಳು ಮುಗಿಯಲು ಮೂರು ತಿಂಗಳಾದರೂ ಬೇಕು, ಆದ್ದರಿಂದ ಅವರ ಪ್ರವಾಸಿ ಗಡುವನ್ನು ಬೇರೆಯೇ ಎಣಿಸಿ. ಅದು ಮೊದಲೇ ಮುಗಿಯುವುದಾದರೆ ಅವರೊಮ್ಮೆ ಹೊರಗೆ ಹೋಗಿ, ನಿಮ್ಮ ವಿಸ್ತರಣೆ ಕೈಸೇರುವ ಹೊತ್ತಿಗೆ ಹೊಸ ಪ್ರವೇಶದಲ್ಲಿ ಬರುವಂತೆ ಟಿಕೆಟ್ ಕಾಯ್ದಿರಿಸಿ.