ಇಸ್ತಾಂಬುಲ್‌ನ ಹುಡುಗ ಹುಡುಗಿಯರನ್ನು ನಾನು ಮಾತಿಗೆಳೆದಿದ್ದು ಹೀಗೆ

"ಇಲ್ಲಿ ಇಸ್ಲಾಮೋಫೋಬಿಯಾ, ಅಂದರೆ ಮುಸ್ಲಿಮರ ಬಗ್ಗೆ ಭಯ, ದ್ವೇಷ ಇದೆಯಾ?" ಅಂತ ಟರ್ಕಿಯ ಇಸ್ತಾಂಬುಲ್‌ನಲ್ಲಿ ನೇರವಾಗಿ ಕೇಳಿದರೆ ಮಾತು ಜರ್ಮನಿ, ಫ್ರಾನ್ಸ್ ಕಡೆ ಹೊರಟುಬಿಡುತ್ತದೆ. ಅಲ್ಲಿ ದುಡಿಯಲು ಹೋದ ಮಾವನ ಕಥೆ ಬರುತ್ತದೆ. ಊರೆಲ್ಲ ಮುಸ್ಲಿಮರೇ ಇರುವಾಗ ಇದೆಂಥ ಪ್ರಶ್ನೆ ಅಂತ ಕೆಲವರು ನಗುತ್ತಾರೆ. ಎಂ.ಎ. ಪ್ರಬಂಧಕ್ಕೆಂದು ಅಲ್ಲಿನ ವಿದ್ಯಾರ್ಥಿಗಳನ್ನು ಕೂರಿಸಿ ಮಾತಾಡಿಸುವಾಗ ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡೆ. ಮೊದಲು ಕೇಳುತ್ತಿದ್ದದ್ದು, "ನಿಮ್ಮಮ್ಮ ಕಾಲೇಜು ಓದಿದ್ದಾರಾ?"

ಇದನ್ನು ಸುಮ್ನೆ ಆರಿಸಿದ್ದಲ್ಲ. 1997ರ ಫೆಬ್ರವರಿ 28ರಂದು ಸೇನೆ ಸರ್ಕಾರದ ಕೈ ತಿರುಚಿತು. ಆಮೇಲೆ ವಿಶ್ವವಿದ್ಯಾಲಯಗಳಲ್ಲಿ ಸ್ಕಾರ್ಫ್ ನಿಷೇಧ ಬಿಗಿಯಾಯಿತು. ಕೆಲವು ಹುಡುಗಿಯರು ಓದು ಬಿಟ್ಟರು. ಕೆಲವರು ವಿಗ್ ಹಾಕಿಕೊಂಡು ಕ್ಲಾಸಿಗೆ ಹೋದರು. ಇಸ್ತಾಂಬುಲ್ ವಿಶ್ವವಿದ್ಯಾಲಯದಲ್ಲಂತೂ ಸ್ಕಾರ್ಫ್ ತೆಗೆಯಿರಿ ಅಂತ ಮನವೊಲಿಸಲೆಂದೇ ಕೋಣೆಗಳಿದ್ದವು. 1999ರಲ್ಲಿ ಗೆದ್ದು ಬಂದ ಮೆರ್ವೆ ಕವಾಕ್ಚಿ ಅವರಿಗೆ ಸ್ಕಾರ್ಫ್ ಹಾಕಿದ್ದಕ್ಕೇ ಸಂಸತ್ತಿನಲ್ಲಿ ಪ್ರಮಾಣವಚನ ತೆಗೆದುಕೊಳ್ಳಲು ಆಗಲಿಲ್ಲ. ಕಾಲೇಜುಗಳಲ್ಲಿ ಇದು ಸಡಿಲವಾಗಿದ್ದು 2010ರ ಸುಮಾರಿಗೆ, ಸರ್ಕಾರಿ ಕಚೇರಿಗಳಲ್ಲಿ 2013ರಲ್ಲಿ. ಹಾಗಾಗಿ ಅಮ್ಮನ ಓದಿನ ಬಗ್ಗೆ ಕೇಳಿದರೆ ಸಾಕು, ಮನೆಯ ಕಥೆಯೆಲ್ಲ ಹೊರಗೆ ಬರುತ್ತಿತ್ತು.

ಇನ್ನೊಂದು ವಿಷಯ. ನಾನು ಮಂಗಳೂರಿನ ಬ್ಯಾರಿ ಮನೆಯವಳು, ಸ್ಕಾರ್ಫ್ ಹಾಕುತ್ತೇನೆ. ನನ್ನ ಮುಂದೆ ಸ್ಕಾರ್ಫ್ ಹಾಕದ ಹುಡುಗಿಯರು ಮಾತನ್ನು ಅಳೆದು ತೂಗಿ ಆಡುತ್ತಿದ್ದರು. ಅದಕ್ಕೆ ಅವರ ಜೊತೆ ಸ್ಕಾರ್ಫ್ ಹಾಕದ ನನ್ನ ಟರ್ಕಿ ಗೆಳತಿಯೇ ಕೂತಳು. ಊರಿನ ಕದಿಕೊಯ್ ಭಾಗದ ಚಹಾ ಅಂಗಡಿಯೊಂದರಲ್ಲಿ ಸ್ಕಾರ್ಫ್ ಹಾಕದವರು, ಫಾತಿಹ್ ಭಾಗದಲ್ಲಿ ಹಾಕುವವರು. ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಿದ್ದು ಕೊನೆಯಲ್ಲಿ ಮಾತ್ರ.

ಸ್ಕಾರ್ಫ್ ಹಾಕುವ ಒಬ್ಬಳಿಗೆ ಕೆಲಸದ ಸಂದರ್ಶನದಲ್ಲಿ "ನಮ್ಮ ಗಿರಾಕಿಗಳಿಗೆ ನೀವು ಹೊಂದಲ್ಲ" ಅಂದಿದ್ದರಂತೆ. ಅಂದವರೂ ಮುಸ್ಲಿಮರೇ. ಇನ್ನೊಬ್ಬಳು ಸ್ಕಾರ್ಫ್ ಬಿಟ್ಟವಳು. ಅವಳು ಹೇಳಿದ್ದು: "ನನ್ನನ್ನು ಗೋಳು ಹೊಯ್ದುಕೊಂಡದ್ದು ಸ್ಕಾರ್ಫ್ ಕಂಡರಾಗದವರಲ್ಲ, ತೆಗೀಬೇಡ ಅಂದವರು." 2019ರಲ್ಲಿ ಎಷ್ಟೋ ಟರ್ಕಿ ಹುಡುಗಿಯರು ಸ್ಕಾರ್ಫ್ ಇದ್ದಾಗಿನ, ಬಿಟ್ಟ ಮೇಲಿನ ಫೋಟೋಗಳನ್ನು ಜಾಲತಾಣದಲ್ಲಿ ಹಾಕಿದ್ದರು. ಅದನ್ನು ನೋಡಿಯೇ ಅವಳಿಗೆ ಧೈರ್ಯ ಬಂದಿತ್ತು. ಹುಡುಗರು ಬೇರೆಯೇ ರಾಗ ತೆಗೆದರು. 2002ರಿಂದ ಒಂದೇ ಪಕ್ಷದ ಆಡಳಿತ, ಪ್ರತಿ ಭಾಷಣದಲ್ಲೂ ಸ್ಕಾರ್ಫ್ ನಿಷೇಧದಿಂದ ನೊಂದ ಅಮ್ಮಂದಿರ ಕಣ್ಣೀರು, ನಮ್ಮ ನಿರುದ್ಯೋಗದ ಮಾತು ಯಾವಾಗ ಅಂತ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸಂದರ್ಶನದಿಂದ ವಾಪಸ್ ಬಂದವಳ ಎದುರು ಕೂತು ಅದೆಲ್ಲ ಹಳೇ ಕಥೆ ಅನ್ನುವುದು ಜಾಸ್ತಿಯಾಯಿತು, ಅಲ್ವಾ?

ಒಟ್ಟಿಗೆ ಕೂತ ದಿನ ಪ್ರಶ್ನೆ ನನ್ನ ಕಡೆಗೇ ತಿರುಗಿತು. "ಅಕ್ಕಾ, ನಿಮ್ಮ ಕರ್ನಾಟಕದಲ್ಲಿ?" ಉಡುಪಿಯ ಕಾಲೇಜಿನಿಂದ ಶುರುವಾದದ್ದನ್ನು ಹೇಳಿದೆ. ತರಗತಿಯಲ್ಲಿ ಹಿಜಾಬ್ ನಿಷೇಧವನ್ನು ನಮ್ಮ ಹೈಕೋರ್ಟ್ ಎತ್ತಿಹಿಡಿದದ್ದು 2022ರ ಮಾರ್ಚ್ 15ರಂದು. ವಿಶ್ವಸಂಸ್ಥೆ ಮಾರ್ಚ್ 15 ಅನ್ನು ಇಸ್ಲಾಮೋಫೋಬಿಯಾ ವಿರುದ್ಧದ ದಿನ ಅಂತ ಗೊತ್ತುಮಾಡಿದ್ದೂ ಅದೇ ದಿನ. ಸ್ಕಾರ್ಫ್ ಬಿಟ್ಟವಳೇ ಮೊದಲು ಕೇಳಿದ್ದು, "ಆ ಹುಡುಗಿಯರು ಪರೀಕ್ಷೆ ಬರೆದರಾ?"

ಪ್ರಬಂಧದಲ್ಲಿ ಎರಡೂ ಗುಂಪಿಗೆ ಬೇರೆ ಬೇರೆ ಅಧ್ಯಾಯ ಮಾಡು ಅಂತ ಸಲಹೆ ಬಂತು. ನಾನು ಒಪ್ಪಲಿಲ್ಲ. ಸಂದರ್ಶನಕ್ಕೆ ಹೋದವಳ ಮಾತು, ಸ್ಕಾರ್ಫ್ ಬಿಟ್ಟವಳ ಮಾತು ಒಂದೇ ಪುಟದಲ್ಲಿವೆ.